ಸೆಟ್ಲಮೆಂಟ್: ಕಾಯಿದೆ ಹೋದರೂ ಹೋಗದ ಮಾತು

ಸೊಲ್ಲಾಪುರದಲ್ಲಿ ‘ಸೆಟ್ಲಮೆಂಟ್ ಫ್ರೀ ಕಾಲನಿ’ ಎಂಬ ವಿಳಾಸವಿದೆ. ಅಂಚೆಯವರಿಗೆ, ಶಾಲೆಯ ದಾಖಲೆಗೆ, ರೇಷನ್ ಕಾರ್ಡಿಗೆ ಅದೊಂದು ಬಡಾವಣೆಯ ಹೆಸರು. ಮೂರು ಪದಗಳೂ ಇಂಗ್ಲಿಷಿನವು. ಆದರೂ ಇಂದಿನ ಇಂಗ್ಲಿಷರಿಗೆ ಇದರ ಅರ್ಥ ಹೊಳೆಯಲಾರದು. ಸೆಟ್ಲಮೆಂಟ್ ಎಂದರೆ ಅವರಿಗೆ ವ್ಯಾಜ್ಯದ ರಾಜಿ, ಬಾಕಿಯ ಚುಕ್ತಾ, ಇಲ್ಲವೇ ಜನ ಹೋಗಿ ನೆಲೆನಿಂತ ಹೊಸ ಊರು. ಸರಕಾರ ‘ಹುಟ್ಟಿನಿಂದಲೇ ಅಪರಾಧಿಗಳು’ ಎಂದು ಹೆಸರಿಟ್ಟ ಕುಟುಂಬಗಳನ್ನು ತಂತಿಬೇಲಿಯೊಳಗೆ ಕೂಡಿಹಾಕಿ ಹಾಜರಿ ಹಿಡಿಯುತ್ತಿದ್ದ ಜಾಗ ಎಂಬ ಅರ್ಥ ಆ ಭಾಷೆಯಿಂದ ಬಿದ್ದುಹೋಗಿದೆ. ಸೊಲ್ಲಾಪುರ, ಹುಬ್ಬಳ್ಳಿ, ಗದಗುಗಳಲ್ಲಿ ಅದು ಓಣಿಯ ಹೆಸರಾಗಿ ಉಳಿದಿದೆ. ‘ಫ್ರೀ’ ಎಂಬುದಕ್ಕೂ ಇಲ್ಲಿ ಬೇರೆಯೇ ಅರ್ಥ. ನಡತೆ ಚೆನ್ನಾಗಿದೆ ಎಂದು ಅಧಿಕಾರಿಗಳಿಂದ ಪರವಾನಗಿ ಪಡೆದು ಬೇಲಿಯಿಂದ ಹೊರಬಂದವರು ಬೇಲಿಯ ಮಗ್ಗುಲಲ್ಲೇ ಮನೆ ಕಟ್ಟಿಕೊಂಡ ಜಾಗವೇ ಫ್ರೀ ಕಾಲನಿ.

ಬಳಕೆ ತಪ್ಪಿದ ಪದಗಳನ್ನು ನಿಘಂಟಿನವರು ಒಂದು ಗುರುತು ಹಾಕಿ ಪಕ್ಕಕ್ಕಿಡುತ್ತಾರೆ. ಆಳುವವರ ಭಾಷೆಯಲ್ಲಿ ಸತ್ತ ಅರ್ಥ ಆಳಿಸಿಕೊಂಡವರ ಬದುಕಿನಲ್ಲಿ ಅಷ್ಟು ಸುಲಭವಾಗಿ ಸಾಯುವುದಿಲ್ಲ. ಸೆಟ್ಲಮೆಂಟಿನ ವಿಷಯದಲ್ಲಿ ಅದು ಮೂರು ಕಡೆ ಹಂಚಿಹೋಗಿ ಇನ್ನೂ ಕೆಲಸ ಮಾಡುತ್ತಿದೆ: ವಿಳಾಸದಲ್ಲಿ, ಜಾತಿಪಟ್ಟಿಯಲ್ಲಿ, ಪೊಲೀಸ್ ದಫ್ತರದಲ್ಲಿ. ಮೊದಲನೆಯದನ್ನು ಉಳಿಸಿಕೊಳ್ಳಬೇಕು, ಉಳಿದೆರಡರಲ್ಲಿ ಅದರ ಬೇರು ಕೀಳಬೇಕು ಎಂಬುದು ನನ್ನ ನಿಲುವು.

ಈ ಪದ ಹುಟ್ಟಿದಾಗ ಅದರಲ್ಲಿ ಕೇಡಿರಲಿಲ್ಲ. ಕುಳಿತುಕೊಳ್ಳುವ ಆಸನವನ್ನು ಹೇಳುವ ಹಳೆಯ ಇಂಗ್ಲಿಷ್ ಮಾತಿನಿಂದ ಬಂದದ್ದು ಅದು. ಕಾನೂನಿನ ಕೈಗೆ ಸಿಕ್ಕಮೇಲೆ ಅದಕ್ಕೆ ಬೇರೆ ಬಣ್ಣ ಬಂತು. 1662ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಬಡವರ ಬಗ್ಗೆ ಒಂದು ಕಾಯಿದೆ ಮಾಡಿತು. ಬಡವನಿಗೆ ಕಷ್ಟಕಾಲದಲ್ಲಿ ನೆರವು ಸಿಗುವುದು ಅವನು ಸೇರಿದ ಪ್ಯಾರಿಷ್‌ನಲ್ಲಿ, ಅಂದರೆ ಒಂದು ಚರ್ಚಿನ ವ್ಯಾಪ್ತಿಯ ಊರಿನಲ್ಲಿ ಮಾತ್ರ. ಹಾಗೆ ಒಂದು ಊರಿಗೆ ಸೇರಿದವನೆಂಬ ಕಾನೂನಿನ ಗುರುತಿಗೆ ಸೆಟ್ಲಮೆಂಟ್ ಎಂದು ಹೆಸರು. ಬೇರೆ ಊರಿಗೆ ಬಂದ ಬಡವ ಮುಂದೆ ಊರಿಗೆ ಹೊರೆಯಾದಾನು ಎಂದು ಅಲ್ಲಿಯವರಿಗೆ ಅನ್ನಿಸಿದರೆ 40 ದಿನಗಳೊಳಗೆ ದೂರು ಕೊಟ್ಟು ಅವನನ್ನು ಹಿಂದಕ್ಕೆ ಅಟ್ಟಬಹುದಿತ್ತು. ಸಿರಿವಂತನು ಎಲ್ಲಿ ತಿರುಗಾಡಿದರೂ ಪ್ರವಾಸಿ. ಬಡವನು ತಿರುಗಾಡಿದರೆ ಅಲೆಮಾರಿ, ಅಲೆಮಾರಿಯೆಂದರೆ ಸಂಶಯಕ್ಕೆ ಗುರಿ. ನಮ್ಮ ನೆಲದಲ್ಲಿ ಮುಂದೆ ನಡೆದದ್ದಕ್ಕೆಲ್ಲ ಬೀಜ ಅಲ್ಲಿದೆ. ಬ್ರಿಟಿಷ್ ಸರಕಾರ ಭಾರತೀಯರಿಗಾಗಿಯೇ ಹೊಸದಾಗಿ ಕ್ರೌರ್ಯ ಕಂಡುಹಿಡಿಯಿತು ಎಂದುಕೊಂಡರೆ ನಾವು ಅರ್ಧವನ್ನಷ್ಟೇ ಅರ್ಥಮಾಡಿಕೊಂಡಂತೆ. ತನ್ನ ಬಡವರ ಮೇಲೆ ರೂಢಿಸಿಕೊಂಡಿದ್ದ ಭಯವನ್ನು ಅದು ಇಲ್ಲಿಗೆ ತಂದು ಜಾತಿಯ ಮೇಲೆ ಹೊರಿಸಿತು.

ಭಾರತಕ್ಕೆ ಈ ಪದ ಬಂದದ್ದು ಕಂದಾಯದ ದಾರಿಯಲ್ಲಿ. 1793ರ ಬಂಗಾಳದ ಶಾಶ್ವತ ಜಮೀನುದಾರಿ ವ್ಯವಸ್ಥೆಗೂ ಇದೇ ಹೆಸರು. ಮುಂಬಯಿ ಪ್ರಾಂತದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು 1830ರ ದಶಕದ ನಡುವಿನಲ್ಲಿ ಸೊಲ್ಲಾಪುರ ಜಿಲ್ಲೆಗೆ ಅಂಟಿಕೊಂಡ ಇಂದಾಪುರದಿಂದ ಹೊಸ ಮೋಜಣಿ ಶುರುಮಾಡಿದರು. ಹೊಲಕ್ಕೊಂದು ಸರ್ವೇ ನಂಬರು, ನಂಬರಿಗೊಬ್ಬ ರೈತ, ರೈತನಿಗೊಂದು ಕಂದಾಯದ ಆಕಾರ. ರೈತನಿಗೆ ಇದರಿಂದ ಒಳಿತೂ ಆಯಿತು, ಸಾಲದ ಉರುಳೂ ಬಿತ್ತು. ಆ ಚರ್ಚೆ ಬೇರೆ. ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಕರಾವಳಿಯಿಂದ ಬಯಲಿಗೆ ಬರುತ್ತಿದ್ದ ಕೊರವರು, ಧಾನ್ಯ ಸಾಗಿಸುತ್ತಿದ್ದ ಲಂಬಾಣಿಗರು, ಕಲ್ಲು ಒಡೆದು ಕೆರೆ ತೋಡುತ್ತಿದ್ದ ವಡ್ಡರು, ಬೇಟೆಯ ಹರಣಶಿಕಾರಿಗಳು ಆ ಮೋಜಣಿ ಪುಸ್ತಕದ ಯಾವ ಪುಟದಲ್ಲೂ ಇರಲಿಲ್ಲ ಎಂಬುದು ಇಲ್ಲಿ ಮುಖ್ಯ. ನೆಲದ ಮೂಲಕವೇ ಮನುಷ್ಯನನ್ನು ಗುರುತಿಸುವ ಸರಕಾರಕ್ಕೆ ನೆಲವಿಲ್ಲದೆ ನಡೆಯುವವನು ಲೆಕ್ಕಕ್ಕೆ ಸಿಗುವುದಿಲ್ಲ. ಲೆಕ್ಕಕ್ಕೆ ಸಿಗದವನನ್ನು ಅದು ನಂಬುವುದೂ ಇಲ್ಲ.

1871ರಲ್ಲಿ ಎರಡು ಸಂಗತಿಗಳು ನಡೆದವು. ಮುಂಬಯಿಯಿಂದ ಸೊಲ್ಲಾಪುರಕ್ಕೆ ಬಂದಿದ್ದ ರೈಲುಹಾದಿ ಅಕ್ಕಲಕೋಟ ರೋಡ್, ಕಲಬುರಗಿಗಳನ್ನು ದಾಟಿ ರಾಯಚೂರು ಮುಟ್ಟಿ ಮದ್ರಾಸಿನ ಹಾದಿಯನ್ನು ಕೂಡಿತು. ಅದೇ ವರ್ಷ ಮೊದಲ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ, ಅಂದರೆ ಅಪರಾಧಿ ಬುಡಕಟ್ಟುಗಳ ಕಾಯಿದೆ, ಹೊರಬಂತು. ಆಗ ಅದು ಉತ್ತರ ಭಾರತಕ್ಕಷ್ಟೇ ಅನ್ವಯವಾಗುತ್ತಿತ್ತು. ಒಂದರಿಂದ ಇನ್ನೊಂದು ಹುಟ್ಟಿತೆಂದು ನಾನು ಹೇಳುತ್ತಿಲ್ಲ. ಆದರೆ ದಖ್ಖನಿನಲ್ಲಿ ಎರಡರ ಕೆಲಸ ಒಂದೇ ದಿಕ್ಕಿಗೆ ಸಾಗಿತು. ಗಾಡಿ ತುಂಬ ಉಪ್ಪು, ಜೋಳ ರೈಲಿನಲ್ಲಿ ಬಂದು ಇಳಿಯತೊಡಗಿದ ಮೇಲೆ ಎತ್ತಿನ ಹೇರಿನ ವ್ಯಾಪಾರ ಮುರಿಯಿತು. ಉಪ್ಪಿನ ಮೇಲಿನ ಸುಂಕ ಅದನ್ನು ಮೊದಲೇ ಹಣ್ಣುಮಾಡಿತ್ತು. ಅರಣ್ಯ ಕಾಯಿದೆಗಳು ಬಂದು ಬೇಟೆ, ಬಿದಿರು, ಮೇವು ಎಲ್ಲಕ್ಕೂ ಬಾಗಿಲು ಹಾಕಿದವು. ನಡೆದು ಬದುಕುತ್ತಿದ್ದವರ ನಡಿಗೆಗೆ ಕಾರಣ ಕಳೆದುಹೋಯಿತು, ನಡಿಗೆ ಮಾತ್ರ ಉಳಿಯಿತು. ಕಾರಣವಿಲ್ಲದ ನಡಿಗೆಯನ್ನೇ ಕಾಯಿದೆ ಅಪರಾಧದ ಲಕ್ಷಣವೆಂದು ಓದಿತು. ಈ ನಾಡಿನಲ್ಲಿ ಬಡಗಿಯ ಮಗ ಬಡಗಿ, ನೇಕಾರನ ಮಗ ನೇಕಾರನಾದರೆ ಕಳ್ಳನ ಮಗ ಕಳ್ಳನೇ ಅಲ್ಲವೇ ಎಂಬ ತರ್ಕದಲ್ಲಿ ಬಿಳಿಯ ಅಧಿಕಾರಿಗಳು ಮಾತಾಡುತ್ತಿದ್ದರು. ನಮ್ಮ ಜಾತಿಪದ್ಧತಿಯನ್ನು ಅವರು ಎಷ್ಟು ಚೆನ್ನಾಗಿ ಕಲಿತಿದ್ದರು ನೋಡಿ. ಈ ತರ್ಕಕ್ಕೆ ಬೇಕಾದ ಸಾಮಗ್ರಿಯನ್ನು ನಾವೇ ಒದಗಿಸಿದ್ದೆವು.

1911ರಲ್ಲಿ ಕಾಯಿದೆ ಇಡೀ ಬ್ರಿಟಿಷ್ ಇಂಡಿಯಾಕ್ಕೆ ವಿಸ್ತರಿಸಿತು. ಸರಕಾರ ಒಂದು ಸಮುದಾಯವನ್ನು ಅಪರಾಧಿ ಬುಡಕಟ್ಟು ಎಂದು ಗೆಜೆಟ್ಟಿನಲ್ಲಿ ಸಾರಿದರೆ ಸಾಕು, ಅದು ಸರಿಯೋ ತಪ್ಪೋ ಎಂದು ಯಾವ ಕೋರ್ಟಿನಲ್ಲೂ ಪ್ರಶ್ನಿಸುವಂತಿರಲಿಲ್ಲ. ಹೆಬ್ಬೆಟ್ಟು ಒತ್ತಿಸುವುದು, ಹಾಜರಿ ಹಿಡಿಯುವುದು, ಪಾಸಿಲ್ಲದೆ ಊರುಬಿಟ್ಟರೆ ಶಿಕ್ಷಿಸುವುದು, ಇವೆಲ್ಲದರ ಜತೆಗೆ ಇಡೀ ಗುಂಪನ್ನು ಒಂದು ಜಾಗದಲ್ಲಿ ನೆಲೆಗೊಳಿಸುವ ಅಧಿಕಾರವೂ ಸಿಕ್ಕಿತು. ಆ ಜಾಗಕ್ಕೆ ಸೆಟ್ಲಮೆಂಟ್ ಎಂದು ಹೆಸರಾಯಿತು. ಮುಂಬಯಿ ಪ್ರಾಂತದಲ್ಲಿ ಇದರ ಪ್ರಯೋಗಶಾಲೆಯಾದದ್ದು ನಮ್ಮ ವಿಜಾಪುರ. ಅಲ್ಲಿ ಛಪ್ಪರಬಂದ, ಹರಣಶಿಕಾರಿ, ಘಂಟಿಚೋರ ಸಮುದಾಯಗಳ ಮೇಲೆ ಶುರುವಾದ ಕೆಲಸ ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಿಗೆ ಹಬ್ಬಿತು. ಅದನ್ನು ಕಟ್ಟಿ ಬೆಳೆಸಿದವರು ಐಸಿಎಸ್ ಅಧಿಕಾರಿ ಒ.ಎಚ್.ಬಿ. ಸ್ಟಾರ್ಟ್.

ಸೊಲ್ಲಾಪುರವನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಗಿರಣಿಗಳಿದ್ದವು. ಜುನಿ ಗಿರಣಿ ಎಂದು ಜನ ಕರೆಯುತ್ತಿದ್ದ ಸೊಲ್ಲಾಪುರ ಸ್ಪಿನ್ನಿಂಗ್ ಅಂಡ್ ವೀವಿಂಗ್ ಕಂಪನಿ 1870ರ ದಶಕದಲ್ಲೇ ಎದ್ದಿತ್ತು. ಆಮೇಲೆ ಲಕ್ಷ್ಮೀ, ನರಸಿಂಗಗಿರಿ, ವಿಷ್ಣು ಗಿರಣಿಗಳು ಬಂದವು. ಗಿರಣಿಗೆ ದಿನಾಲೂ ತಪ್ಪದೆ ಬರುವ ಆಳು ಬೇಕು. ಸುಗ್ಗಿಯೆಂದು, ಜಾತ್ರೆಯೆಂದು ಊರಿಗೆ ಹೋಗಿಬಿಡುವ ರೈತಾಪಿ ಕೂಲಿಯ ಮೇಲೆ ಭರವಸೆಯಿಲ್ಲ. ಬೇಲಿಯೊಳಗಿನ ಆಳು ಎಲ್ಲಿಗೂ ಹೋಗುವಂತಿಲ್ಲ. ಕೈಕಾಡಿ, ಪಾರ್ಧಿ, ಭಾಮಟಾ, ಕಂಜರಭಾಟರಂಥ ಸಮುದಾಯಗಳ ಗಂಡಸರು ಹೆಂಗಸರು ಹಾಜರಿ ಹಾಕಿ ಗಿರಣಿಗೆ ಹೋಗಿ, ಮರಳಿ ಬಂದು ಮತ್ತೆ ಹಾಜರಿ ಹಾಕಬೇಕಿತ್ತು. ಹಾಜರಿ ತಪ್ಪಿದರೆ ಅದೇ ಅಪರಾಧ. ಹೀಗೆ ‘ಸುಧಾರಣೆ’ ಮತ್ತು ‘ಅಗ್ಗದ ದುಡಿಮೆ’ ಎರಡೂ ಒಂದೇ ಗೇಟಿನಿಂದ ಒಳಹೊರಗೆ ಓಡಾಡಿದವು. ಕೂಲಿ ಕೊಟ್ಟರಲ್ಲ ಎನ್ನಬಹುದು. ಕೊಟ್ಟರು, ನಿಜ. ಆದರೆ ಬಿಟ್ಟುಹೋಗುವ ಹಕ್ಕಿಲ್ಲದವನು ಕೂಲಿಗೆ ಚೌಕಾಶಿ ಮಾಡುವುದು ಹೇಗೆ?

ಈ ಪದಕ್ಕೆ ಇನ್ನೊಂದು ಒಳ್ಳೆಯ ಅರ್ಥವೂ ಅದೇ ಕಾಲದಲ್ಲಿ ಹುಟ್ಟಿತ್ತು. 1884ರಲ್ಲಿ ಲಂಡನ್ನಿನ ಪೂರ್ವ ಭಾಗದ ಬಡ ಓಣಿಯಲ್ಲಿ ಟಾಯ್ನ್‌ಬಿ ಹಾಲ್ ಶುರುವಾಯಿತು. ಓದಿದ ತರುಣರು ಬಡವರ ನಡುವೆಯೇ ಮನೆಮಾಡಿ, ಅವರಿಗೆ ಕಲಿಸುತ್ತ ಅವರಿಂದ ಕಲಿಯುವುದು ಅದರ ಉದ್ದೇಶ. ಇದಕ್ಕೂ ಸೆಟ್ಲಮೆಂಟ್ ಎಂದೇ ಹೆಸರು. ಇಲ್ಲಿ ನೆಲೆಸುವವರು ಉಳ್ಳವರು, ಅದೂ ಸ್ವಂತ ಇಚ್ಛೆಯಿಂದ. ಸೊಲ್ಲಾಪುರದ ಸೆಟ್ಲಮೆಂಟನ್ನು ನಡೆಸಿದ್ದು ಅಮೆರಿಕನ್ ಮರಾಠಿ ಮಿಷನ್. ಅದೇ ಮಿಷನ್ನಿನ ಕ್ಲಿಫರ್ಡ್ ಮ್ಯಾನ್‌ಶಾರ್ಟ್ 1920ರ ದಶಕದಲ್ಲಿ ಮುಂಬಯಿಯ ನಾಗಪಾಡಾದಲ್ಲಿ ಲಂಡನ್ ಮಾದರಿಯ ನೆರೆಹೊರೆ ಕೇಂದ್ರ ಕಟ್ಟಿದರು. ಆ ಅನುಭವದಿಂದಲೇ 1936ರಲ್ಲಿ ಟಾಟಾ ಸಮಾಜಕಾರ್ಯ ಶಾಲೆ ಬಂತು. ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಮೂಲ ಅದು. ಒಂದೇ ಮಿಷನ್ ಒಂದು ಊರಿನಲ್ಲಿ ಬೇಲಿಯಿಲ್ಲದೆ, ಇನ್ನೊಂದು ಊರಿನಲ್ಲಿ ಬೇಲಿಯೊಳಗೆ ಕೆಲಸ ಮಾಡಿತು.

ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಸೆಟ್ಲಮೆಂಟಿನ ಪರವಾಗಿ ಇಂದಿಗೂ ಒಂದು ವಾದ ಕೇಳಿಬರುತ್ತದೆ: ಅಲ್ಲಿ ಶಾಲೆ ಕಡ್ಡಾಯವಾಗಿತ್ತು, ದವಾಖಾನೆಯಿತ್ತು, ಕೈಗೆ ಕಸುಬು ಬಂತು, ಬೇಲಿಯೊಳಗೆ ಅಕ್ಷರ ಕಲಿತ ಮಕ್ಕಳು ಮುಂದೆ ಶಿಕ್ಷಕರಾದರು, ನೌಕರರಾದರು. ಈ ವಾದವನ್ನು ತಳ್ಳಿಹಾಕುವುದು ಪ್ರಾಮಾಣಿಕವಲ್ಲ. ಆ ಸಮುದಾಯಗಳ ಹಿರಿಯರಲ್ಲೇ ಆ ಶಾಲೆಗಳನ್ನು ಗೌರವದಿಂದ ನೆನೆಯುವವರುಂಟು. ಆದರೆ ಅಕ್ಷರಕ್ಕೆ ಬೇಲಿ ಬೇಕಿತ್ತೇ? ಬೇಕಿರಲಿಲ್ಲ ಎಂಬುದಕ್ಕೆ ನಾಗಪಾಡಾವೇ ಸಾಕ್ಷಿ. ನಾಗಪಾಡಾದ ಗಿರಣಿ ಕಾರ್ಮಿಕನ ಮಗುವಿಗೆ ಕಲಿಸಲು ತಂದೆಯ ಹೆಬ್ಬೆಟ್ಟು ಬೇಕಾಗದಿದ್ದರೆ ಸೊಲ್ಲಾಪುರದ ಕೈಕಾಡಿ ಮಗುವಿಗೆ ಕಲಿಸಲು ಏಕೆ ಬೇಕಾಯಿತು? ಕಲಿಸಿದವರ ಶ್ರದ್ಧೆ ನಿಜವಾದದ್ದು. ಅವರನ್ನು ಕರೆಸಿಕೊಂಡ ವ್ಯವಸ್ಥೆ ಅನ್ಯಾಯದ್ದು. ಎರಡನ್ನೂ ಒಟ್ಟಿಗೆ ಹೇಳುವ ಧೈರ್ಯ ನಮಗಿರಬೇಕು.

ಸ್ಟಾರ್ಟ್ ಅವರ ಹೆಸರು ಮತ್ತೊಂದು ಕಡೆ ಬರುತ್ತದೆ. 1928ರಲ್ಲಿ ಮುಂಬಯಿ ಸರಕಾರ ಹಿಂದುಳಿದವರ ಸ್ಥಿತಿಗತಿ ಅರಿಯಲು ಒಂದು ಸಮಿತಿ ನೇಮಿಸಿತು. ಅಧ್ಯಕ್ಷರು ಸ್ಟಾರ್ಟ್, ಸದಸ್ಯರಲ್ಲಿ ಡಾ. ಬಿ.ಆರ್. ಅಂಬೇಡ್ಕರ್. 1930ರ ವರದಿಯಲ್ಲಿ ಹಿಂದುಳಿದವರನ್ನು ದಲಿತ ವರ್ಗ, ಆದಿವಾಸಿಗಳು, ಇತರ ಹಿಂದುಳಿದವರು ಎಂದು ಮೂರಾಗಿ ವಿಂಗಡಿಸುವ ಸಲಹೆ ಬಂತು. ಅಲೆಮಾರಿಗಳು ಮೂರನೆಯ ಗುಂಪಿಗೆ ಸೇರಿದರು. ಹಾಜರಿ ಪುಸ್ತಕದಲ್ಲಿ ಸಮುದಾಯಗಳನ್ನು ಎಣಿಸಿದ ಅಧಿಕಾರಿಯೇ ಮೀಸಲಾತಿಯ ಭಾಷೆಗೂ ಒಂದು ಪದ ಕೊಟ್ಟರು. ಕಾವಲಿನ ಪಟ್ಟಿಯೂ ಕಲ್ಯಾಣದ ಪಟ್ಟಿಯೂ ಅಕ್ಕಪಕ್ಕದ ಕಪಾಟುಗಳಲ್ಲೇ ಬೆಳೆದವು.

ಸ್ವಾತಂತ್ರ್ಯ ಬಂದರೂ ಇವರಿಗೆ ಅದು ಅದೇ ದಿನ ಬರಲಿಲ್ಲ. ಮುಂಬಯಿ ಪ್ರಾಂತದಲ್ಲಿ ಕಾಯಿದೆ ರದ್ದಾದದ್ದು 1949ರಲ್ಲಿ. ಅನಂತಶಯನಂ ಅಯ್ಯಂಗಾರ್ ಸಮಿತಿಯ ವರದಿಯ ನಂತರ ದೇಶದ ಮಟ್ಟದಲ್ಲಿ ರದ್ದಾದದ್ದು 1952ರ ಆಗಸ್ಟ್ 31ರಂದು. ಆ ದಿನವನ್ನು ಈ ಸಮುದಾಯಗಳು ಇಂದಿಗೂ ವಿಮುಕ್ತ ದಿನವೆಂದು ಆಚರಿಸುತ್ತವೆ. ಸರಕಾರಿ ಇಂಗ್ಲಿಷ್ ಹೇಳಿದ್ದು ಇಷ್ಟೇ: ಅಧಿಸೂಚನೆಯಿಂದ ನಿಮ್ಮ ಹೆಸರು ತೆಗೆದಿದ್ದೇವೆ. ಜನ ಅದನ್ನು ವಿಮುಕ್ತ ಎಂದು ಕರೆದುಕೊಂಡರು. ಕಚೇರಿಯ ಒಣ ಮಾತಿಗಿಂತ ಎಷ್ಟೋ ದೊಡ್ಡ ಆಸೆ ಆ ಪದದಲ್ಲಿದೆ.

ಆಸೆ ಮಾತ್ರ ಪೂರ್ತಿ ಕೈಗೂಡಲಿಲ್ಲ. ಬುಡಕಟ್ಟಿನ ಜಾಗದಲ್ಲಿ ವ್ಯಕ್ತಿಯನ್ನಿಟ್ಟು ‘ರೂಢಿಗತ ಅಪರಾಧಿ’ ಕಾಯಿದೆಗಳು ಬಂದವು: ಮುಂಬಯಿಯದು 1959ರಲ್ಲಿ, ನಮ್ಮ ರಾಜ್ಯದ್ದು 1961ರಲ್ಲಿ. ಕಾಗದದ ಮೇಲೆ ಇದು ದೊಡ್ಡ ಬದಲಾವಣೆ, ಯಾಕೆಂದರೆ ಹುಟ್ಟಿನ ಜಾಗಕ್ಕೆ ಶಿಕ್ಷೆಯಾದ ಅಪರಾಧಗಳು ಬಂದವು. ಆದರೆ ಹೆಸರು ಬರೆಯುವ ಠಾಣೆ ಅದೇ, ಸಂಶಯ ಬಂದಾಗ ಮೊದಲು ನೆನಪಾಗುವ ಓಣಿಯೂ ಅದೇ. ಕೆಲವು ರಾಜ್ಯಗಳ ಕಾಯಿದೆಗಳಲ್ಲಿ ಸೆಟ್ಲಮೆಂಟ್ ಎಂಬ ಪದ ಕೂಡ ಮರಳಿ ಬಂದು ಕುಳಿತಿತು. ಕಳ್ಳತನವಾದ ರಾತ್ರಿ ಪಾರ್ಧಿ ತಾಂಡಾದ ಗಂಡಸರನ್ನು ಎಳೆದೊಯ್ಯುವ ರೂಢಿ ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಯಾರಿಗೂ ಹೊಸದಲ್ಲ. ಲಕ್ಷ್ಮಣ ಗಾಯಕವಾಡರ ಮರಾಠಿ ಆತ್ಮಕಥನ ‘ಉಚಲ್ಯಾ’ ಪ್ರಕಟವಾದದ್ದು 1987ರಲ್ಲಿ, ಕಾಯಿದೆ ಸತ್ತು 35 ವರ್ಷ ಕಳೆದ ಮೇಲೆ. ಅದರೊಳಗಿನ ಪೊಲೀಸರಿಗೆ ಕಾಯಿದೆ ಸತ್ತ ಸುದ್ದಿಯೇ ತಲುಪಿದಂತಿಲ್ಲ.

ಜಾತಿಪಟ್ಟಿಯಲ್ಲಿ ಈ ಅರ್ಥ ಹೇಗೆ ಉಳಿದಿದೆ ಎಂದು ನೋಡಲು ಈಗ ಸೊಲ್ಲಾಪುರದ ಪಕ್ಕದ ಅಕ್ಕಲಕೋಟದ ಕಡೆಗೆ ಬರೋಣ. ಭೋಸಲೆ ಮನೆತನದ ಆ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅಲ್ಲಿಯವರೆಗೆ ಬ್ರಿಟಿಷ್ ಸೊಲ್ಲಾಪುರ, ಅಕ್ಕಲಕೋಟ ಸಂಸ್ಥಾನ, ನಿಜಾಮನ ಕಲಬುರಗಿ ಎಂದು ಅಷ್ಟೇನೂ ದೂರವಿಲ್ಲದ ದಾರಿಯಲ್ಲಿ ಮೂರು ಆಡಳಿತಗಳಿದ್ದವು. ಅಲೆಮಾರಿ ಕುಟುಂಬಕ್ಕೆ ಅದೆಲ್ಲ ಒಂದೇ ಬಯಲು, ಒಂದೇ ಜಾತ್ರೆಗಳ ಸರಣಿ, ಕನ್ನಡ ಮರಾಠಿ ಎರಡೂ ನಡೆಯುವ ಸಂತೆಗಳು. ಗಡಿ ದಾಟಿದಾಗ ಬದಲಾಗುತ್ತಿದ್ದದ್ದು ಅವರ ಮೇಲಿನ ಕಾನೂನು. ಇಂದು ಅಕ್ಕಲಕೋಟ ತಾಲ್ಲೂಕಿನ ಆಚೆಗೆ ಕರ್ನಾಟಕದ ಆಳಂದ, ಅಫಜಲಪುರ, ಇಂಡಿ. ಸಂಸ್ಥಾನಗಳು ಹೋಗಿವೆ, ಗಡಿಯ ಆ ಗುಣ ಹೋಗಿಲ್ಲ. ವಡ್ಡರು ಕರ್ನಾಟಕದಲ್ಲಿ ಭೋವಿ ಹೆಸರಿನಲ್ಲಿ ಪರಿಶಿಷ್ಟ ಜಾತಿ. ಲಂಬಾಣಿಗರೂ ಕೊರವರೂ ಹಾಗೆಯೇ. ಅಕ್ಕಲಕೋಟಕ್ಕೆ ಬಂದರೆ ವಡ್ಡರು, ಲಂಬಾಣಿಗರು, ಕೊರವರ ಬಳಗದ ಕೈಕಾಡಿಗಳು ಮಹಾರಾಷ್ಟ್ರದ ವಿಮುಕ್ತ ಜಾತಿಗಳ ಪಟ್ಟಿಯಲ್ಲಿರುವ 14 ಸಮುದಾಯಗಳಲ್ಲಿ ಸೇರುತ್ತಾರೆ. ಆ ಪಟ್ಟಿಗೆ ರಾಜ್ಯದ ನೌಕರಿಯಲ್ಲಿ 3 ಪ್ರತಿಶತ ಮೀಸಲು, ಕೇಂದ್ರದ ಲೆಕ್ಕದಲ್ಲಿ ಅವರು ಇತರ ಹಿಂದುಳಿದವರು, ವಿಧಾನಸಭೆಯಲ್ಲಿ ಮೀಸಲು ಕ್ಷೇತ್ರವಿಲ್ಲ. ಅದೇ ಕೈಕಾಡಿಗಳು ಮಹಾರಾಷ್ಟ್ರದ್ದೇ ಆದ ವಿದರ್ಭದಲ್ಲಿ ಪರಿಶಿಷ್ಟ ಜಾತಿ. ಆಳಂದದ ವಡ್ಡರ ಹುಡುಗಿ ಅಕ್ಕಲಕೋಟಕ್ಕೆ ಸೊಸೆಯಾಗಿ ಬಂದರೆ ಅವಳ ಮಕ್ಕಳಿಗೆ ಸೋದರಮಾವನ ಮಕ್ಕಳಿಗಿರುವ ಹಕ್ಕಿಲ್ಲ. ಒಂದೇ ಅಜ್ಜಿಯ ಮೊಮ್ಮಕ್ಕಳು ಎರಡು ಪಟ್ಟಿಗಳಲ್ಲಿ. ಊರಿಗೆ ಸೇರಿದವನಿಗಷ್ಟೇ ನೆರವು ಎಂದ 1662ರ ಆ ಹಳೆಯ ಕಾಯಿದೆಯ ಅರ್ಥ ಇಂಗ್ಲೆಂಡಿನಲ್ಲಿ ಮುಗಿದು ಎಷ್ಟೋ ಕಾಲವಾಯಿತು; ನಮ್ಮ ಗಡಿಯಲ್ಲಿ ಅದು ಇನ್ನೂ ಜೀವಂತವಾಗಿದೆ.

ಸೊಲ್ಲಾಪುರ ಸಿದ್ಧರಾಮನ ಊರು. ಹನ್ನೆರಡನೆಯ ಶತಮಾನದಲ್ಲಿ ಕೆರೆ ಕಟ್ಟಿಸಿದ ಆ ಶರಣನನ್ನು ಕರ್ನಾಟಕದ ಭೋವಿಗಳು ತಮ್ಮ ಗುರುವೆಂದು ನಂಬುತ್ತಾರೆ. ಚಿತ್ರದುರ್ಗದಲ್ಲಿರುವ ಅವರ ಗುರುಪೀಠಕ್ಕೆ ಆತನದೇ ಹೆಸರು. ಮಣ್ಣು ಕಲ್ಲಿನ ದುಡಿಮೆಯನ್ನು ಕಾಯಕವೆಂದು ಗೌರವಿಸಿದ ಊರಿನಲ್ಲೇ ಬೇಲಿ ಎದ್ದಿತು ಎಂಬುದು ನನ್ನನ್ನು ನೋಯಿಸುತ್ತದೆ. ಬೇಲಿ ಎಬ್ಬಿಸಿದ್ದು ಪರಕೀಯ ಸರಕಾರ ಎಂದು ಸಮಾಧಾನ ಪಡೆಯಲೂ ಆಗುವುದಿಲ್ಲ. ‘ಘಂಟಿಚೋರ’ ಎಂಬ ಹೆಸರನ್ನು ಲಂಡನ್ನಿನವರು ಇಟ್ಟದ್ದಲ್ಲ. ಒಂದು ಇಡೀ ಸಮುದಾಯದ ಹೆಸರಿನಲ್ಲೇ ಕಳ್ಳನೆಂಬ ಮಾತನ್ನು ಕೂಡಿಸಿದವರು ನಮ್ಮ ಜನ. ಇಂದಿಗೂ ಸರಕಾರಿ ಪಟ್ಟಿಯಲ್ಲಿ ಅದೇ ಹೆಸರಿದೆ, ಆ ಮನೆಯ ಮಗು ಮೀಸಲಾತಿ ಪಡೆಯಲು ಅದೇ ಹೆಸರಿನ ಪ್ರಮಾಣಪತ್ರ ತರಬೇಕು. ಮರಾಠಿಯಲ್ಲಿ ‘ಭಾಮಟಾ’ ಎಂಬುದು ಜಾತಿಯೂ ಹೌದು, ಮೋಸಗಾರನಿಗೆ ಬೈಗುಳವೂ ಹೌದು. ಇಂಗ್ಲಿಷ್ ಪದ ಹಳತಾಗಿ ಉದುರಿತು. ನಮ್ಮ ಪದಗಳು ದಿನನಿತ್ಯದ ಬೈಗುಳಗಳಾಗಿ ಹಚ್ಚಹಸಿರಾಗಿವೆ.

ಹಾಗಾದರೆ ಬಡಾವಣೆಗೆ ಬೇರೆ ಹೆಸರು ಕೊಟ್ಟುಬಿಡೋಣ ಎನ್ನುವವರಿದ್ದಾರೆ. ಕೆಲಸಕ್ಕೆ ಅರ್ಜಿ ಹಾಕುವ ಹುಡುಗ ವಿಳಾಸ ಬರೆಯಲು ಅಳುಕುವುದು ನಿಜ. ಆ ಅಳುಕನ್ನು ಹಗುರವಾಗಿ ಕಾಣುವ ಹಕ್ಕು ಹೊರಗಿನವನಾದ ನನಗಿಲ್ಲ. ಹೆಸರು ಬೇಡವೆಂದು ಅಲ್ಲಿಯ ನಿವಾಸಿಗಳೇ ನಿರ್ಧರಿಸಿದರೆ ಅದೇ ಕೊನೆಯ ಮಾತು. ನನ್ನ ಅಭಿಪ್ರಾಯ ಕೇಳಿದರೆ ಹೆಸರು ಉಳಿಯಲಿ ಎನ್ನುತ್ತೇನೆ. 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿದ ಸ್ವಾತಂತ್ರ್ಯ ಹೋರಾಟಗಾರರಾದ ಮಲ್ಲಪ್ಪ ಧನಶೆಟ್ಟಿ, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ, ಕುರ್ಬಾನ್ ಹುಸೇನ್ ಅವರನ್ನು ಸೊಲ್ಲಾಪುರ ಪ್ರತಿಮೆಗಳನ್ನಿಟ್ಟು ನೆನೆಯುತ್ತದೆ. ಅದೇ ವರ್ಷಗಳಲ್ಲಿ ಅದೇ ಊರಿನಲ್ಲಿ ಸಾವಿರಾರು ಜನ ಯಾವ ಅಪರಾಧವೂ ಸಾಬೀತಾಗದೆ ಬೇಲಿಯೊಳಗಿದ್ದರು ಎಂಬುದಕ್ಕೆ ಎಲ್ಲರ ಕಣ್ಣಿಗೂ ಬೀಳುವ ಸಾಕ್ಷಿ ಈ ಹೆಸರು. ಅದನ್ನು ಅಳಿಸಿದರೆ ಅನುಕೂಲವಾಗುವುದು ಬೇಲಿ ಹಾಕಿದವರಿಗೆ. ಹೆಸರಿನ ಪಕ್ಕದಲ್ಲಿ ಇತಿಹಾಸದ ಫಲಕವೊಂದಿರಲಿ. ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕರಲ್ಲೂ ಇರಲಿ, ಏಕೆಂದರೆ ಸೊಲ್ಲಾಪುರ ನಾಲ್ಕನ್ನೂ ಆಡುತ್ತದೆ. ಹುಬ್ಬಳ್ಳಿ ಗದಗಿನಲ್ಲೂ ಹಾಗೆಯೇ ಆಗಲಿ. ಕರ್ನಾಟಕದ ಶಾಲಾ ಪುಸ್ತಕಗಳಲ್ಲಿ 1857ಕ್ಕೆ ಕೊಡುವ ಪುಟಗಳ ನಡುವೆ 1871ಕ್ಕೂ ಒಂದು ಪುಟ ಸಿಗಲಿ.

ಅಳಿಸಬೇಕಾದದ್ದು ಬೇರೆ ಕಡೆ ಇದೆ. ಸೊಲ್ಲಾಪುರದವರೇ ಆದ ಬಾಳಕೃಷ್ಣ ರೇಣಕೆಯವರ ಅಧ್ಯಕ್ಷತೆಯ, ವಿಮುಕ್ತ ಮತ್ತು ಅಲೆಮಾರಿ ಸಮುದಾಯಗಳ ರಾಷ್ಟ್ರೀಯ ಆಯೋಗ ರೂಢಿಗತ ಅಪರಾಧಿ ಕಾಯಿದೆಗಳನ್ನು ರದ್ದುಮಾಡಬೇಕೆಂದು 2008ರಲ್ಲೇ ಹೇಳಿತ್ತು. 2024ರ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಜೈಲು ಕೈಪಿಡಿಗಳಲ್ಲಿನ ಜಾತಿ ಆಧಾರಿತ ನಿಯಮಗಳನ್ನು ರದ್ದುಮಾಡಿತು, ವಿಮುಕ್ತ ಸಮುದಾಯದವರನ್ನು ಮನಬಂದಂತೆ ಬಂಧಿಸಕೂಡದೆಂದು ಪೊಲೀಸರಿಗೆ ತಾಕೀತು ಮಾಡಿತು, ರೂಢಿಗತ ಅಪರಾಧಿ ಕಾಯಿದೆಗಳು ಇನ್ನೂ ಬೇಕೇ ಎಂದು ರಾಜ್ಯಗಳೇ ಯೋಚಿಸಿ ನಿರ್ಧರಿಸಲಿ ಎಂದಿತು. ಈ ಪ್ರಶ್ನೆಗೆ ಮಹಾರಾಷ್ಟ್ರ ಮತ್ತು ಕರ್ನಾಟಕ ಕೊಡಬೇಕಾದ ಉತ್ತರ ಒಂದೇ: ಬೇಡ. ಗಡಿಯ ಊರುಗಳಿಗಾಗಿ ಎಪ್ಪತ್ತು ವರ್ಷಗಳಿಂದ ಜಗಳಾಡುತ್ತಿರುವ ಎರಡು ರಾಜ್ಯಗಳು ಗಡಿಯ ಎರಡೂ ಬದಿಯ ಈ ಜನರಿಗಾಗಿ ಒಮ್ಮೆ ಒಟ್ಟಿಗೆ ಕುಳಿತು 1959ರ ಮತ್ತು 1961ರ ಕಾಯಿದೆಗಳ ಕಡತಗಳನ್ನು ಮುಚ್ಚಬೇಕು. ಎರಡೂ ವಿಧಾನಸಭೆಗಳಲ್ಲಿ ಗಡಿಭಾಗವನ್ನು ಪ್ರತಿನಿಧಿಸುವವರು ಈ ಬೇಡಿಕೆಯನ್ನು ಮೊದಲು ಎತ್ತಲಿ ಎಂದು ನಾನು ಕೇಳಿಕೊಳ್ಳುತ್ತೇನೆ.